ಎಪಿಸ್ಕೋಪಲ್ ಸಭೆಯ ಪಾದ್ರಿಗಳು: ಹಿಂದಿನ ವೃತ್ತಿ, ದೇವರ ಕರೆ ಮತ್ತು ಅದನ್ನು ಪರೀಕ್ಷಿಸುವ ಬಗೆ

ಧಾರವಾಡದ ಮಗಳು, ನಾರ್ತ್ ಕೆರೊಲಿನಾ

ಎಲ್ಲರಿಗೂ ನಮಸ್ಕಾರ. ನಾನು ಧಾರವಾಡದ ಸಿ.ಎಸ್.ಐ. (ದಕ್ಷಿಣ ಭಾರತ ಸಭೆ) ಸಭೆಯಲ್ಲಿ ಬೆಳೆದವಳು. ಮದುವೆಯ ನಂತರ ಅಮೆರಿಕಕ್ಕೆ ಬಂದು, ಈಗ ನಾರ್ತ್ ಕೆರೊಲಿನಾದಲ್ಲಿ ಎಪಿಸ್ಕೋಪಲ್ ಸಭೆಯ (ಇಂಗ್ಲೆಂಡ್ ಸಭೆಯ, ಅಂದರೆ ಆಂಗ್ಲಿಕನ್, ಪರಂಪರೆಯ ಅಮೆರಿಕದ ಸಭೆ) ಒಂದು ಪ್ಯಾರಿಷ್‌ನ ಸದಸ್ಯಳಾಗಿದ್ದೇನೆ. ನಮ್ಮ ರೆಕ್ಟರ್, ಅಂದರೆ ಈ ಸ್ಥಳೀಯ ಸಭೆಯ ಮುಖ್ಯ ಪಾದ್ರಿ, ಹಿಂದೆ ವಕೀಲಿಕೆ ಮಾಡುತ್ತಿದ್ದವರು. ಸಹಾಯಕ ಪಾದ್ರಿ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದವರು. ಡೀಕನ್ (ಪಾದ್ರಿಯದಕ್ಕಿಂತ ಬೇರೆಯಾದ ದೀಕ್ಷಿತ ಸೇವೆ) ಆಗಿರುವ ಹಿರಿಯ ಮಹಿಳೆ ಇಂದಿಗೂ ವಾರದ ದಿನಗಳಲ್ಲಿ ಆಸ್ಪತ್ರೆಯಲ್ಲಿ ನರ್ಸ್ ಆಗಿ ದುಡಿಯುತ್ತಾರೆ. ಊರಿನಲ್ಲಿ ನಾನು ಕಂಡ ಪಾದ್ರಿಗಳು ಬಹುಮಟ್ಟಿಗೆ ಪದವಿ ಮುಗಿದೊಡನೆ ದೇವಶಾಸ್ತ್ರ ಕಾಲೇಜು ಸೇರಿ, ಬೇರೆ ಉದ್ಯೋಗವನ್ನೇ ನೋಡದೆ ಸಭಾಸೇವೆಗೆ ಬಂದವರು. ಹೀಗಾಗಿ ಇಲ್ಲಿನವರ ವಿಷಯ ಹೇಳಿದಾಗಲೆಲ್ಲ ನನ್ನ ತಾಯಿ ಫೋನಿನಲ್ಲಿ, "ಅರ್ಧ ಆಯುಷ್ಯ ಬೇರೆ ಕೆಲಸದಲ್ಲಿ ಕಳೆದ ಮೇಲೆ ಬಂದದ್ದು ಕರೆಯೋ, ಬರೀ ಕೆಲಸದ ಬದಲಾವಣೆಯೋ?" ಎಂದು ಕೇಳುತ್ತಾರೆ.

ಈ ಪ್ರಶ್ನೆ ಈಗ ನನಗೆ ಬಹಳ ಹತ್ತಿರ ಬಂದಿದೆ. ನಮ್ಮ ಸಭೆಯ ಸದಸ್ಯರೊಬ್ಬರು ತಮಗೆ ಪಾದ್ರಿಯಾಗುವ ಕರೆ ಇದೆ ಎಂದು ರೆಕ್ಟರ್ ಅವರಲ್ಲಿ ಹೇಳಿಕೊಂಡಿದ್ದಾರೆ. ಅವರ ಜೊತೆ ಕುಳಿತು ಆ ಕರೆಯನ್ನು ಪರಿಶೀಲಿಸುವ ಸಣ್ಣ ಸಮಿತಿಗೆ ನನ್ನನ್ನೂ ಆರಿಸಿದ್ದಾರೆ. ಅವರ ಬಗ್ಗೆ ಇಲ್ಲಿ ಏನನ್ನೂ ಬರೆಯುವುದಿಲ್ಲ, ಅದು ಸರಿಯೂ ಅಲ್ಲ. ಆದರೆ ಒಬ್ಬರ ಹಿಂದಿನ ಬದುಕು ಮತ್ತು ಅವರ ಕರೆ ಇವೆರಡರ ಸಂಬಂಧವನ್ನು ಈ ಸಭೆ ಹೇಗೆ ನೋಡುತ್ತದೆ, ಸಮಿತಿಯಲ್ಲಿ ಕುಳಿತವಳು ಯಾವುದಕ್ಕೆ ಕಿವಿಗೊಡಬೇಕು ಎಂಬುದನ್ನು ಬಲ್ಲವರು ತಿಳಿಸಿದರೆ ಉಪಕಾರವಾಗುತ್ತದೆ.

ಸಭಾಚರಿತ್ರೆಯ ವಿದ್ಯಾರ್ಥಿ, ಬೆಂಗಳೂರು

ಮೇಡಂ, ಮೊದಲು ದಾರಿ ಹೇಗಿದೆ ಎಂದು ಹೇಳುತ್ತೇನೆ. ನಿಮ್ಮ ತಾಯಿಯವರ ಪ್ರಶ್ನೆಗೆ ಅರ್ಧ ಉತ್ತರ ಅದರಲ್ಲೇ ಇದೆ.

ಎಪಿಸ್ಕೋಪಲ್ ಸಭೆಯಲ್ಲಿ ಒಬ್ಬ ವ್ಯಕ್ತಿ "ನನಗೆ ಕರೆ ಬಂದಿದೆ" ಎಂದು ಹೇಳಿದ ಮಾತ್ರಕ್ಕೆ ಯಾರೂ ಸೆಮಿನರಿಗೆ, ಅಂದರೆ ದೇವಶಾಸ್ತ್ರ ಕಾಲೇಜಿಗೆ, ಕಳುಹಿಸುವುದಿಲ್ಲ. ಆತ ಅಥವಾ ಆಕೆ ದೃಢೀಕರಣ (ಬಿಷಪ್ಪರ ಮುಂದೆ ನಂಬಿಕೆಯನ್ನು ದೃಢಪಡಿಸುವ ವಿಧಿ) ಪಡೆದ ವಯಸ್ಕ ಸದಸ್ಯರಾಗಿರಬೇಕು, ಮತ್ತು ಅವರನ್ನು ಒಂದು ಸಭೆ ಹೆಸರಿಸಿ ಬಿಷಪ್ಪರ ಮುಂದೆ ನಿಲ್ಲಿಸಬೇಕು. ಪ್ಯಾರಿಷ್ ಹೆಸರಿಸುವುದಾದರೆ ಆ ಪತ್ರಕ್ಕೆ ಅಲ್ಲಿಯ ಪಾದ್ರಿಯ ಜೊತೆಗೆ ವೆಸ್ಟ್ರಿಯ, ಅಂದರೆ ಸದಸ್ಯರು ಚುನಾಯಿಸಿದ ಆಡಳಿತ ಮಂಡಳಿಯ, ಮೂರರಲ್ಲಿ ಎರಡು ಪಾಲು ಸದಸ್ಯರ ಸಹಿ ಬೇಕು. ಆ ಪತ್ರದಲ್ಲಿ ಸಭೆಯು ಅಭ್ಯರ್ಥಿಯ ತಯಾರಿಯಲ್ಲಿ ತಾನೂ ತೊಡಗುತ್ತೇನೆ, ಖರ್ಚಿಗೂ ಹೆಗಲು ಕೊಡುತ್ತೇನೆ ಎಂದು ಮಾತು ಕೊಡುತ್ತದೆ. ಅಲ್ಲಿಂದ ಮುಂದೆ, ಒಬ್ಬ ಬಿಷಪ್ಪರ ಆಡಳಿತಕ್ಕೆ ಒಳಪಟ್ಟ ಸಭೆಗಳ ವಲಯವಾದ ಡಯಾಸಿಸ್‌ನ ಸೇವಾ ಆಯೋಗದ ಸಂದರ್ಶನ, ಹಿನ್ನೆಲೆಯ ತಪಾಸಣೆ, ವೈದ್ಯಕೀಯ ಹಾಗೂ ಮನೋವೈಜ್ಞಾನಿಕ ಪರೀಕ್ಷೆ. ಇವೆಲ್ಲ ಮುಗಿದು ಬಿಷಪ್ ಒಪ್ಪಿದರೆ ಆ ವ್ಯಕ್ತಿ ಪೋಸ್ಟುಲೆಂಟ್ (ತರಬೇತಿಯ ಮೊದಲ ಹಂತದವರು), ಮುಂದೆ ಕ್ಯಾಂಡಿಡೇಟ್ (ದೀಕ್ಷೆಗೆ ಹತ್ತಿರದ ಹಂತದವರು). ಪೂರ್ಣಾವಧಿಯ ಸೆಮಿನರಿ ಓದು ಸಾಮಾನ್ಯವಾಗಿ 3 ವರ್ಷಗಳದ್ದು. ಅದರೊಂದಿಗೆ ಆಸ್ಪತ್ರೆಯಲ್ಲೋ ಅಂಥದೇ ಬೇರೆ ಸಂಸ್ಥೆಯಲ್ಲೋ ರೋಗಿಗಳ ನಡುವೆ ಮಾಡುವ ಪಾಲನಾ ತರಬೇತಿಯೂ ಇರುತ್ತದೆ. ಅದರ ಒಂದು ಘಟಕಕ್ಕೇ ಕನಿಷ್ಠ 400 ಗಂಟೆಗಳ ಕೆಲಸ. ಪವಿತ್ರ ಗ್ರಂಥ, ಸಭಾಚರಿತ್ರೆ, ದೇವಶಾಸ್ತ್ರ, ನೀತಿಶಾಸ್ತ್ರ, ಆರಾಧನೆ, ಸೇವೆಯ ಆಚರಣೆ ಎಂಬ ಆರು ಕ್ಷೇತ್ರಗಳಲ್ಲಿ ಅಭ್ಯರ್ಥಿಯ ತಿಳಿವಳಿಕೆಯನ್ನು ಪರೀಕ್ಷಿಸುತ್ತಾರೆ.

ಪಾದ್ರಿಯಾಗಲು ಕನಿಷ್ಠ ವಯಸ್ಸು 24. ಸಭೆಯ ಶಿಫಾರಸನ್ನು ಅಭ್ಯರ್ಥಿ ಒಪ್ಪಿದ ದಿನದಿಂದ ಕನಿಷ್ಠ 18 ತಿಂಗಳು ಕಳೆದಿರಬೇಕು, ಮೊದಲು ಡೀಕನ್ ದೀಕ್ಷೆ ಪಡೆದು ಕನಿಷ್ಠ 6 ತಿಂಗಳು ಆ ಸೇವೆಯಲ್ಲಿ ಇದ್ದಿರಬೇಕು. ವಾಸ್ತವದಲ್ಲಿ ಇದಕ್ಕಿಂತ ಬಹಳ ಹೆಚ್ಚು ಕಾಲ ಹಿಡಿಯುತ್ತದೆ. ಇವುಗಳ ನಡುವೆ ನನಗೆ ಬಹಳ ಹಿಡಿಸಿದ ಒಂದು ನಿಯಮವಿದೆ. ತರಬೇತಿಯಲ್ಲಿರುವವರು ವರ್ಷಕ್ಕೆ ನಾಲ್ಕು ಬಾರಿ, ಎಂಬರ್ ವಾರಗಳೆಂದು ಕರೆಯುವ ಉಪವಾಸ-ಪ್ರಾರ್ಥನೆಯ ವಾರಗಳಲ್ಲಿ, ಬಿಷಪ್ಪರನ್ನು ಕಂಡು ಅಥವಾ ಅವರಿಗೆ ಪತ್ರ ಬರೆದು ತಮ್ಮ ಓದಿನ ಜೊತೆಗೆ ತಮ್ಮ ಅಂತರಂಗ ಹೇಗೆ ಬೆಳೆಯುತ್ತಿದೆ ಎಂಬುದನ್ನೂ ತಿಳಿಸಬೇಕು. ಅಂಕಪಟ್ಟಿಯಲ್ಲಿ ಕಾಣದ ಸಂಗತಿಗಳನ್ನು ಬಿಷಪ್ ತಿಳಿಯುವುದು ಹೀಗೆ.

ದೀಕ್ಷೆಯ ದಿನವೂ ಪರೀಕ್ಷೆ ಮುಗಿದಿರುವುದಿಲ್ಲ. ದೇವರು ಮತ್ತು ದೇವರ ಸಭೆ ಇಬ್ಬರೂ ನಿನ್ನನ್ನು ಕರೆದಿದ್ದಾರೆಂದು ನಂಬುತ್ತೀಯಾ ಎಂದು ಬಿಷಪ್ ಅಭ್ಯರ್ಥಿಯನ್ನು ಕೇಳುತ್ತಾರೆ. ನೆರೆದ ಜನರನ್ನೂ ಇದು ನಿಮ್ಮ ಇಚ್ಛೆಯೇ ಎಂದು ಕೇಳುತ್ತಾರೆ. ವಕೀಲರೋ ನರ್ಸೋ ಕೆಲಸ ಬದಲಿಸುವಾಗ ಇಷ್ಟು ಜನರ ಒಪ್ಪಿಗೆ ಪಡೆಯಬೇಕಾಗಿಲ್ಲ.

ಬಲ್ಮಠದ ಹಳೆಯ ವಿದ್ಯಾರ್ಥಿ

ನಾನು ಸಿ.ಎಸ್.ಐ.ಯಲ್ಲಿ ಪ್ರೆಸ್ಬಿಟರ್ (ಪಾದ್ರಿ) ಆಗಿ ದುಡಿದು ನಿವೃತ್ತನಾದವನು. ಮಂಗಳೂರಿನ ಬಲ್ಮಠದ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿನಲ್ಲಿ ಓದಿದವನು. ಮೇಲಿನ ವಿವರಣೆ ಚೆನ್ನಾಗಿದೆ, ಆದರೆ ಮಗಳ ತಾಯಿಯವರ ಅನುಮಾನವನ್ನು ಅಷ್ಟು ಬೇಗ ದಾಟಿ ಹೋಗಬಾರದು ಎಂಬುದು ನನ್ನ ಅಭಿಪ್ರಾಯ.

ಇಪ್ಪತ್ತೆರಡರ ಹುಡುಗನೊಬ್ಬ ಹಳ್ಳಿಯ ಸಭೆಗೆ ಬಂದಾಗ ಅವನ ಕೈಯಲ್ಲಿ ಬೇರೆ ಯಾವ ದಾರಿಯೂ ಉಳಿದಿರುವುದಿಲ್ಲ. ಆ ಜನರ ಮದುವೆ, ಸಾವು, ಬರಗಾಲ, ಜಗಳ ಎಲ್ಲವೂ ಅವನನ್ನು ಪಾದ್ರಿಯನ್ನಾಗಿ ಮಾಡುತ್ತವೆ. ಐವತ್ತರಲ್ಲಿ ದೀಕ್ಷೆ ಪಡೆದವರಿಗೆ ಅಷ್ಟು ಕಾಲ ಎಲ್ಲಿದೆ? ಅಮೆರಿಕದ ಆ ಸಭೆಯಲ್ಲಿ 72ಕ್ಕೆ ಕಡ್ಡಾಯ ನಿವೃತ್ತಿ ಎಂದು ಕೇಳಿದ್ದೇನೆ. ಇನ್ನೊಂದು ಮಾತು. ನಮ್ಮಲ್ಲಿ ಬಿಷಪ್ಪರು ಮತ್ತು ಡಯಾಸಿಸ್ ನಮ್ಮನ್ನು ವರ್ಗಾವಣೆ ಮಾಡುತ್ತಾರೆ. ನಮಗೆ ಇಷ್ಟವಿರಲಿ ಇಲ್ಲದಿರಲಿ, ಹೇಳಿದ ಊರಿಗೆ ಪೆಟ್ಟಿಗೆ ಕಟ್ಟಿಕೊಂಡು ಹೋಗುತ್ತೇವೆ. ಅಲ್ಲಿ ಪ್ಯಾರಿಷ್‌ನವರೇ ಶೋಧನಾ ಸಮಿತಿ ಮಾಡಿ, ಅರ್ಜಿಗಳನ್ನು ನೋಡಿ, ಸಂದರ್ಶಿಸಿ, ವೆಸ್ಟ್ರಿಯ ಮೂಲಕ ರೆಕ್ಟರನ್ನು ಆರಿಸುತ್ತಾರೆ. ಬಿಷಪ್ಪರ ಸಮಾಲೋಚನೆ ಇರುತ್ತದೆ ನಿಜ. ಆದರೂ ಸಭೆ ತನಗೆ ಬೇಕಾದ ಹಿನ್ನೆಲೆಯವರನ್ನೇ ಹುಡುಕಿಕೊಂಡರೆ, ಓದಿದ ಮಧ್ಯಮ ವರ್ಗದ ಸಭೆಗೆ ಓದಿದ ಮಧ್ಯಮ ವರ್ಗದ ಪಾದ್ರಿಯೇ ಸಿಗುತ್ತಾರೆ. ಸೆಮಿನರಿಯ ಖರ್ಚು ಹೊರಲಾಗದ ಬಡವರ ಮನೆಯ ಮಗುವಿಗೂ ಕರೆ ಬಂದಿರಬಹುದಲ್ಲವೇ? ಆ ಮಗುವಿನ ಮಾತನ್ನು ಯಾರು ಕೇಳುತ್ತಾರೆ?

ಡರ್ಹಮ್ ನಿವಾಸಿ

ಅಯ್ಯನವರೇ, ನಿಮ್ಮ ಪ್ರಶ್ನೆಗೆ ಗೌರವದಿಂದಲೇ ಉತ್ತರಿಸಲು ಪ್ರಯತ್ನಿಸುತ್ತೇನೆ. ಅದಕ್ಕಾಗಿ ನಾನಿರುವ ಈ ಊರಿನಲ್ಲೇ ಬೆಳೆದ ಒಬ್ಬರ ಜೀವನವನ್ನು ಸ್ವಲ್ಪ ದೀರ್ಘವಾಗಿ ಹೇಳಬೇಕಾಗಿದೆ. ಕರೆ ಮತ್ತು ಹಿನ್ನೆಲೆಯ ಬಗ್ಗೆ ಮಾತನಾಡುವಾಗ ಪೌಲಿ ಮರ್ರೆ ಅವರನ್ನು ಬಿಟ್ಟು ಮುಂದೆ ಹೋಗಲು ನನಗೆ ಮನಸ್ಸು ಬಾರದು.

ಮರ್ರೆ 1910ರಲ್ಲಿ ಬಾಲ್ಟಿಮೋರ್‌ನಲ್ಲಿ ಹುಟ್ಟಿದರು. ಎಳವೆಯಲ್ಲೇ ತಾಯಿಯನ್ನು ಕಳೆದುಕೊಂಡು ಡರ್ಹಮ್‌ನಲ್ಲಿ ದೊಡ್ಡಮ್ಮನ ಮತ್ತು ಅಜ್ಜ-ಅಜ್ಜಿಯರ ಆಶ್ರಯದಲ್ಲಿ ಬೆಳೆದರು. ಅಜ್ಜಿ ಕಾರ್ನೀಲಿಯಾ ಗುಲಾಮಗಿರಿಯಲ್ಲಿ ಹುಟ್ಟಿದವರು. 1938ರಲ್ಲಿ ಮರ್ರೆ ಚಾಪೆಲ್ ಹಿಲ್‌ನ ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯದಲ್ಲಿ ಉನ್ನತ ವ್ಯಾಸಂಗಕ್ಕೆ ಅರ್ಜಿ ಹಾಕಿದಾಗ ಕಪ್ಪು ಜನಾಂಗದವರೆಂಬ ಕಾರಣಕ್ಕೆ ಪ್ರವೇಶ ಸಿಗಲಿಲ್ಲ. 1940ರಲ್ಲಿ ವರ್ಜೀನಿಯಾದ ಪೀಟರ್ಸ್‌ಬರ್ಗ್‌ನಲ್ಲಿ ಬಸ್ಸಿನ ಹಿಂಭಾಗದ ಮುರಿದ ಆಸನಕ್ಕೆ ಹೋಗಲು ಒಪ್ಪದೆ ಗೆಳತಿಯೊಂದಿಗೆ ಬಂಧನಕ್ಕೊಳಗಾದರು. ಆ ಸಂದರ್ಭದಲ್ಲಿ ಅವರು ಅನುಸರಿಸಲು ಯತ್ನಿಸಿದ್ದು ಗಾಂಧೀಜಿಯವರ ಸತ್ಯಾಗ್ರಹದ ವಿಧಾನವನ್ನು. 1944ರಲ್ಲಿ ಹೊವರ್ಡ್ ವಿಶ್ವವಿದ್ಯಾಲಯದ ಕಾನೂನು ತರಗತಿಯಲ್ಲಿ ಮೊದಲಿಗರಾಗಿ ತೇರ್ಗಡೆಯಾದರು. ಆದರೆ ಹೆಣ್ಣೆಂಬ ಕಾರಣಕ್ಕೆ ಹಾರ್ವರ್ಡ್ ಅವರನ್ನು ಸೇರಿಸಿಕೊಳ್ಳಲಿಲ್ಲ. ಜನಾಂಗಭೇದದ ರಾಜ್ಯ ಕಾನೂನುಗಳನ್ನೆಲ್ಲ ಒಂದೆಡೆ ಕಲೆಹಾಕಿ ಅವರು ರಚಿಸಿದ ಗ್ರಂಥವನ್ನು ನಾಗರಿಕ ಹಕ್ಕುಗಳ ವಕೀಲರು ಕೈಪಿಡಿಯಂತೆ ಬಳಸಿದರು. 1966ರಲ್ಲಿ ಮಹಿಳೆಯರ ರಾಷ್ಟ್ರೀಯ ಸಂಘಟನೆಯ ಸ್ಥಾಪಕರಲ್ಲಿ ಒಬ್ಬರಾದರು. ನಂತರ ಬ್ರಾಂಡೈಸ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿ ನೆಲೆ ಕಂಡರು.

1973ರಲ್ಲಿ ಅವರ ಬಹುಕಾಲದ ಆಪ್ತ ಗೆಳತಿ ತೀರಿಕೊಂಡರು. ಆ ಸಾವು ಅವರನ್ನು ಸೇವೆಯ ಕಡೆಗೆ ತಿರುಗಿಸಿತು. ಖಾಯಂ ಪ್ರಾಧ್ಯಾಪಕ ಹುದ್ದೆಯನ್ನು ಬಿಟ್ಟು ಅದೇ ವರ್ಷ ನ್ಯೂಯಾರ್ಕಿನ ಜನರಲ್ ಥಿಯಾಲಾಜಿಕಲ್ ಸೆಮಿನರಿಗೆ ಸೇರಿದಾಗ ಅವರಿಗೆ ಅರವತ್ತು ದಾಟಿತ್ತು. ಅಂದಿಗೆ ಎಪಿಸ್ಕೋಪಲ್ ಸಭೆಯಲ್ಲಿ ಹೆಣ್ಣುಮಕ್ಕಳಿಗೆ ಪಾದ್ರಿಯಾಗುವ ಅವಕಾಶವೇ ಇರಲಿಲ್ಲ. 1974ರ ಜುಲೈ 29ರಂದು ಫಿಲಡೆಲ್ಫಿಯಾದಲ್ಲಿ ಹನ್ನೊಂದು ಮಹಿಳೆಯರಿಗೆ ಅನುಮತಿಯಿಲ್ಲದೆ ದೀಕ್ಷೆ ಕೊಟ್ಟದ್ದು, 1976ರಲ್ಲಿ ಸಭೆಯ ಮಹಾಸಮ್ಮೇಳನ (ಅದರ ಅತ್ಯುನ್ನತ ನಿರ್ಣಾಯಕ ಕೂಟ) ಒಪ್ಪಿಗೆ ನೀಡಿದ್ದು, ಇವೆಲ್ಲ ಅವರು ಓದುತ್ತಿದ್ದ ಮತ್ತು ಓದು ಮುಗಿಸಿದ ವರ್ಷಗಳಲ್ಲೇ ನಡೆದವು. ಬಾಗಿಲು ತೆರೆಯುತ್ತದೆಯೋ ಇಲ್ಲವೋ ತಿಳಿಯದೆ, ಇದ್ದ ಉದ್ಯೋಗವನ್ನು ಬಿಟ್ಟು ಬಂದ ವ್ಯಕ್ತಿಯನ್ನು ಕೆಲಸ ಬದಲಿಸಿದವರೆಂದು ನಾವು ಹೇಗೆ ಕರೆಯೋಣ?

1977ರ ಜನವರಿ 8ರಂದು ವಾಷಿಂಗ್ಟನ್‌ನ ನ್ಯಾಷನಲ್ ಕೆಥೆಡ್ರಲ್‌ನಲ್ಲಿ ಅವರಿಗೆ ಪಾದ್ರಿ ದೀಕ್ಷೆಯಾಯಿತು. ಅದೇ ಫೆಬ್ರವರಿ 13ರಂದು ಚಾಪೆಲ್ ಹಿಲ್‌ನ ಚಾಪೆಲ್ ಆಫ್ ದ ಕ್ರಾಸ್ ಎಂಬ ಪ್ಯಾರಿಷ್‌ನಲ್ಲಿ ಅವರು ಮೊದಲ ಬಾರಿ ಪ್ರಭುಭೋಜನದ (ರೊಟ್ಟಿ-ದ್ರಾಕ್ಷಾರಸ ಹಂಚುವ) ಆರಾಧನೆಯನ್ನು ನಡೆಸಿದರು. 1854ರಲ್ಲಿ ಅದೇ ಸಭೆಯಲ್ಲಿ ಅಜ್ಜಿ ಕಾರ್ನೀಲಿಯಾರಿಗೆ, ಒಡತಿಯ ಸೇವಕರ ಮಕ್ಕಳಲ್ಲಿ ಒಬ್ಬಳೆಂದು ಪುಸ್ತಕದಲ್ಲಿ ಬರೆದುಕೊಂಡು, ದೀಕ್ಷಾಸ್ನಾನ ಮಾಡಿಸಲಾಗಿತ್ತು. ಮೊಮ್ಮಗಳು ಅಂದು ಅಜ್ಜಿಯ ಬೈಬಲನ್ನು ಹಿಡಿದು, ಆ ಒಡತಿಯ ಸ್ಮರಣೆಗಾಗಿ ಕೊಟ್ಟ ಪೀಠದಿಂದ ಸುವಾರ್ತೆಯನ್ನು ಓದಿದರು. ಪ್ರವೇಶ ನಿರಾಕರಿಸಿದ ವಿಶ್ವವಿದ್ಯಾಲಯ ಇರುವುದೂ ಅದೇ ಊರಿನಲ್ಲಿ, ಆ ಚರ್ಚಿನ ಪಕ್ಕದಲ್ಲೇ.

ಅಯ್ಯನವರು ಕೇಳಿದ ಕಾಲದ ಪ್ರಶ್ನೆ ನಿಜವಾದದ್ದು. ಮರ್ರೆ ಅವರಿಗೆ ಪಾದ್ರಿಯಾಗಿ ದೊರೆತ ವರ್ಷಗಳು ಕೆಲವೇ. 1985ರಲ್ಲಿ ಅವರು ತೀರಿಕೊಂಡರು. ಆದರೆ ಅವರು ಆ ಪೀಠದ ಮುಂದೆ ನಿಂತಾಗ ಸಭೆಯ ಜನ ಕಂಡದ್ದು 66 ವರ್ಷಗಳ ಇಡೀ ಬದುಕನ್ನು. ಅದನ್ನು ಇಪ್ಪತ್ತೆರಡರಲ್ಲಿ ತಂದುಕೊಡಲು ಯಾರಿಂದಲೂ ಆಗುತ್ತಿರಲಿಲ್ಲ.

ಸಭಾಚರಿತ್ರೆಯ ವಿದ್ಯಾರ್ಥಿ, ಬೆಂಗಳೂರು

ಬಡವರ ಮನೆಯ ಮಗುವಿನ ಬಗ್ಗೆ ಅಯ್ಯನವರು ಕೇಳಿದ್ದಕ್ಕೆ ಯಾರೂ ಇನ್ನೂ ಉತ್ತರಿಸಿಲ್ಲ, ಹಾಗಾಗಿ ಮತ್ತೆ ಬರೆಯುತ್ತಿದ್ದೇನೆ. ಓದಿನ ಅರ್ಹತೆ ಎಂಬುದು ಈ ಸಭೆಯಲ್ಲಿ ಆರಂಭದಿಂದಲೂ ಒಂದು ನೋವಿನ ಪ್ರಶ್ನೆ.

ಅಬ್ಸಲೋಮ್ ಜೋನ್ಸ್ 1746ರಲ್ಲಿ ಡೆಲವೇರ್‌ನಲ್ಲಿ ಗುಲಾಮನಾಗಿ ಹುಟ್ಟಿದರು. ಫಿಲಡೆಲ್ಫಿಯಾದಲ್ಲಿ ಒಡೆಯನ ಅಂಗಡಿಯಲ್ಲಿ ದುಡಿಯುತ್ತ, ರಾತ್ರಿ ಶಾಲೆಯಲ್ಲಿ ಓದುತ್ತ, ಮೊದಲು ಹೆಂಡತಿಯ ಬಿಡುಗಡೆಯನ್ನು ಕೊಂಡು, 1784ರಲ್ಲಿ ತಮ್ಮ ಬಿಡುಗಡೆಯನ್ನು ಪಡೆದರು. 1793ರಲ್ಲಿ ಆ ನಗರಕ್ಕೆ ಹಳದಿ ಜ್ವರ ಬಂದು, ಸ್ಥಿತಿವಂತರಲ್ಲಿ ಅನೇಕರು ಊರು ಬಿಟ್ಟಾಗ, ಅವರೂ ಗೆಳೆಯ ರಿಚರ್ಡ್ ಅಲೆನ್ ಅವರೂ ಕಪ್ಪು ಜನರನ್ನು ಸಂಘಟಿಸಿ ರೋಗಿಗಳ ಆರೈಕೆಗೂ ಹೆಣಗಳ ಸಂಸ್ಕಾರಕ್ಕೂ ನಿಂತರು. ಅವರು ಮುನ್ನಡೆಸಿದ ಸಂತ ಥಾಮಸರ ಆಫ್ರಿಕನ್ ಸಭೆ ಎಪಿಸ್ಕೋಪಲ್ ಸಭೆಯನ್ನು ಸೇರಿತು, 1795ರಲ್ಲಿ ಬಿಷಪ್ ವಿಲಿಯಂ ವೈಟ್ ಅವರಿಗೆ ಡೀಕನ್ ದೀಕ್ಷೆ ಕೊಟ್ಟರು. ಮುಂದೆ ಅವರು ಈ ಸಭೆಯ ಮೊದಲ ಕಪ್ಪು ಪಾದ್ರಿಯಾದರು. ದೀಕ್ಷೆಗೆ ಅಗತ್ಯವಾಗಿದ್ದ ಗ್ರೀಕ್ ಮತ್ತು ಲ್ಯಾಟಿನ್ ಜ್ಞಾನದ ನಿಯಮವನ್ನು ಜೋನ್ಸ್ ಅವರಿಗಾಗಿ ಸಡಿಲಿಸಲಾಯಿತು. ಆದರೆ ಅದರ ಜೊತೆಗೆ, ಆ ಸಭೆಯ ಪ್ರತಿನಿಧಿಗಳು ಡಯಾಸಿಸ್‌ನ ಸಮ್ಮೇಳನದಲ್ಲಿ ಕೂರುವಂತಿಲ್ಲ ಎಂಬ ಷರತ್ತನ್ನೂ ಹಾಕಲಾಯಿತು. ಕರೆಯನ್ನು ಒಪ್ಪಿಕೊಂಡು ಧ್ವನಿಯನ್ನು ಕಿತ್ತುಕೊಂಡದ್ದು ಅನ್ಯಾಯವೇ. ಅದನ್ನು ಮೃದುಗೊಳಿಸಿ ಹೇಳುವ ಅಗತ್ಯ ನನಗೆ ಕಾಣುವುದಿಲ್ಲ.

ಅಂಥ ತಡೆಗಳು ನಂತರವೂ ಬಂದವು. ಬಾರ್ಬರಾ ಹ್ಯಾರಿಸ್ ಸನ್ ಆಯಿಲ್ ಕಂಪನಿಯ ಸಾರ್ವಜನಿಕ ಸಂಪರ್ಕ ವಿಭಾಗದಲ್ಲಿ ದೊಡ್ಡ ಹುದ್ದೆಯಲ್ಲಿದ್ದವರು. ಸೆಮಿನರಿ ಪದವಿ ಇಲ್ಲದೆ, ಬೇರೆ ರೀತಿಯ ಅಧ್ಯಯನ ಮಾಡಿ 1980ರಲ್ಲಿ ಪಾದ್ರಿಯಾದರು. ಪೆನ್ಸಿಲ್ವೇನಿಯಾದ ನಾರಿಸ್‌ಟೌನ್‌ನ ಸಣ್ಣ ಪ್ಯಾರಿಷ್ ಒಂದನ್ನು ನೋಡಿಕೊಂಡರು, ಸೆರೆಮನೆಗಳಲ್ಲಿ ಸೇವೆ ಮಾಡಿದರು. 1989ರಲ್ಲಿ ಅವರು ಇಡೀ ಆಂಗ್ಲಿಕನ್ ಸಮುದಾಯದ ಮೊದಲ ಮಹಿಳಾ ಬಿಷಪ್ ಆಗುವಾಗ ಎದ್ದ ಆಕ್ಷೇಪಗಳಲ್ಲಿ ಪದವಿಯ ಕೊರತೆಯೂ ಒಂದು.

ಇಂದು ಹಣವಿಲ್ಲದವರಿಗೂ ಕುಟುಂಬ ಬಿಟ್ಟು ಹೋಗಲಾಗದವರಿಗೂ ಅನೇಕ ಡಯಾಸಿಸ್‌ಗಳು ಸ್ಥಳೀಯವಾಗಿಯೇ ತರಬೇತಿ ಕೊಡುತ್ತವೆ. ಅಲಾಸ್ಕಾ, ನೆವಾಡಾದಂಥ ವಿರಳ ಜನವಸತಿಯ ಪ್ರದೇಶಗಳಲ್ಲಿ ಈ ಪದ್ಧತಿ ಹಿಂದಿನಿಂದಲೂ ಇದೆ: ಸಣ್ಣ ಊರಿನ ಸಭೆ ತನ್ನವರಲ್ಲೇ ಒಬ್ಬರನ್ನು ಹೆಸರಿಸುತ್ತದೆ, ಅವರು ತಮ್ಮ ಜೀವನೋಪಾಯದ ಕೆಲಸವನ್ನು ಬಿಡದೆ ಓದಿ ದೀಕ್ಷೆ ಪಡೆಯುತ್ತಾರೆ. ಪೂರ್ಣ ಸಂಬಳ ಕೊಡಲಾಗದ ಪ್ಯಾರಿಷ್‌ಗಳು ಹೆಚ್ಚುತ್ತಿರುವುದರಿಂದ ಅಂಥವರ ಅಗತ್ಯ ಈಗ ನಗರಗಳಲ್ಲೂ ಇದೆ.

ನ್ಯೂಜೆರ್ಸಿ ಓದುಗ

ನಿಮ್ಮ ಪ್ಯಾರಿಷ್‌ನ ನರ್ಸ್ ಡೀಕನ್ ಬಗ್ಗೆ ಒಂದು ಮಾತು ಸೇರಿಸಬೇಕು. ಅವರನ್ನು ಪಾದ್ರಿಯಾಗುವ ದಾರಿಯಲ್ಲಿ ಅರ್ಧಕ್ಕೆ ನಿಂತವರೆಂದು ಕೆಲವರು ಭಾವಿಸುತ್ತಾರೆ. ಅದು ಹಾಗಲ್ಲ. ಆರು ತಿಂಗಳ ಮಟ್ಟಿಗೆ ಡೀಕನ್ ಆಗಿರುವವರು ಬೇರೆ, ಜೀವನಪೂರ್ತಿ ಡೀಕನ್ ಆಗಿರಲು ಕರೆ ಪಡೆದವರು ಬೇರೆ. ಡೀಕನ್ ಪ್ರಭುಭೋಜನವನ್ನು ಪವಿತ್ರೀಕರಿಸುವುದಿಲ್ಲ, ಪಾಪಕ್ಷಮೆಯ ಘೋಷಣೆ ಮಾಡುವುದಿಲ್ಲ. ಆರಾಧನೆಯಲ್ಲಿ ಸುವಾರ್ತೆಯನ್ನು ಓದುವುದು, ಮೇಜನ್ನು ಸಿದ್ಧಪಡಿಸುವುದು, ಕೊನೆಯಲ್ಲಿ ಜನರನ್ನು ಲೋಕಕ್ಕೆ ಕಳುಹಿಸಿಕೊಡುವುದು ಅವರ ಪಾಲು. ಎಡ ಹೆಗಲಿನಿಂದ ಓರೆಯಾಗಿ ಇಳಿಬಿಟ್ಟ ಸ್ಟೋಲ್ (ಆರಾಧನೆಯಲ್ಲಿ ಧರಿಸುವ ಉದ್ದನೆಯ ಬಟ್ಟೆಪಟ್ಟಿ) ನೋಡಿದರೆ ಅವರು ಡೀಕನ್ ಎಂದು ತಿಳಿಯುತ್ತದೆ. ಲೋಕದ ಅಗತ್ಯ, ಆತಂಕ, ಆಸೆಗಳನ್ನು ಸಭೆಗೆ ತಿಳಿಸುವುದು ದೀಕ್ಷೆಯ ಸಮಯದಲ್ಲಿ ಅವರಿಗೆ ಒಪ್ಪಿಸಿದ ಹೊಣೆ. ಬಹುತೇಕರು ಸಭೆಯಿಂದ ಸಂಬಳ ಪಡೆಯುವುದಿಲ್ಲ. ಆಸ್ಪತ್ರೆಯಲ್ಲಿ ರಾತ್ರಿಪಾಳಿ ಮಾಡುವ ನರ್ಸ್‌ಗೆ ಆ ವಾರ್ಡೇ ಸೇವೆಯ ಸ್ಥಳ, ಆದ್ದರಿಂದ ಅವರು ಆ ಕೆಲಸವನ್ನು ಬಿಡಬೇಕಾದ ಪ್ರಶ್ನೆಯೇ ಬರುವುದಿಲ್ಲ.

ಕರೆ ಯಾವಾಗಲೂ ಒಳಗಿನಿಂದಲೇ ಕೇಳಿಸಬೇಕೆಂದೂ ಇಲ್ಲ. ಮುಂದೆ 2006ರಿಂದ 2015ರವರೆಗೆ ಎಪಿಸ್ಕೋಪಲ್ ಸಭೆಯ ಪ್ರಧಾನ ಬಿಷಪ್ ಆದ ಕ್ಯಾಥರೀನ್ ಜೆಫರ್ಟ್ಸ್ ಶೋರಿ ಸಾಗರ ವಿಜ್ಞಾನಿ; 1983ರಲ್ಲಿ ಆರೆಗಾನ್‌ನಲ್ಲಿ ಡಾಕ್ಟರೇಟ್ ಪಡೆದವರು. ಸಂಶೋಧನೆಗೆ ಹಣ ಸಿಗುವುದು ಕಷ್ಟವಾದ ದಿನಗಳಲ್ಲಿ ಅವರ ಸಭೆಯ ಕೆಲವರು ಪಾದ್ರಿಯಾಗುವ ಬಗ್ಗೆ ಯೋಚಿಸಿದ್ದೀರಾ ಎಂದು ಅವರನ್ನು ಕೇಳಿದರು. 1994ರಲ್ಲಿ ದೀಕ್ಷೆ ಪಡೆದು, ಕೊರ್ವಾಲಿಸ್ ಊರಿನ ಅದೇ ಪ್ಯಾರಿಷ್‌ನಲ್ಲಿ ಸಹಾಯಕ ಪಾದ್ರಿಯಾಗಿ, ಸ್ಪ್ಯಾನಿಷ್ ಮಾತನಾಡುವ ಜನರ ನಡುವೆಯೂ ಸೇವೆ ಮಾಡಿದರು.

ಬಲ್ಮಠದ ಹಳೆಯ ವಿದ್ಯಾರ್ಥಿ

ಡರ್ಹಮ್‌ನವರು ಬರೆದದ್ದನ್ನು ಓದಿ ಮನಸ್ಸು ತುಂಬಿತು. ನಮ್ಮ ಚರಿತ್ರೆಯಲ್ಲೂ ಅಂಥ ಉದಾಹರಣೆಗಳಿಲ್ಲದಿಲ್ಲ. ಭಾರತದ ಮೊದಲ ಆಂಗ್ಲಿಕನ್ ದೇಶೀಯ ಬಿಷಪ್ ವಿ. ಎಸ್. ಅಜರಯ್ಯ ಅವರು ಕ್ರೈಸ್ತ ಯುವಕರ ಸಂಘವಾದ ವೈ.ಎಂ.ಸಿ.ಎ.ಯ ಕಾರ್ಯದರ್ಶಿಯಾಗಿ ಹಲವು ವರ್ಷ ತಿರುಗಾಡಿದ ಮೇಲೆ 1909ರಲ್ಲಿ ದೀಕ್ಷೆ ಪಡೆದವರು. 1912ರಲ್ಲಿ ದೋರ್ನಕಲ್‌ನ ಬಿಷಪ್ ಆದರು. ಅವರು ಹಳ್ಳಿಗಳಲ್ಲಿ ಕಟ್ಟಿದ ಸೇವೆಗೆ ಆ ತಿರುಗಾಟದ ವರ್ಷಗಳೇ ಬುನಾದಿ ಎಂದು ನಾನು ನಂಬುತ್ತೇನೆ.

ಆದರೂ ನನ್ನ ಒಂದು ಕಳವಳ ಉಳಿದೇ ಇದೆ, ಸಮಿತಿಯಲ್ಲಿ ಕೂರುವ ಮಗಳಿಗೆ ಅದನ್ನೇ ಹೇಳುತ್ತೇನೆ. ಒಂದು ವೃತ್ತಿಯಲ್ಲಿ ಗಟ್ಟಿಯಾದವರು ಅದರ ಅಧಿಕಾರವನ್ನೂ ಜೊತೆಗೆ ತರುತ್ತಾರೆ. ವಕೀಲರು ಸಭೆಯ ಜಗಳವನ್ನು ವಾದದಂತೆ ಗೆಲ್ಲಲು ನೋಡಬಹುದು, ಅಧ್ಯಾಪಕರು ಪ್ರಸಂಗವನ್ನು ಪಾಠವನ್ನಾಗಿ ಮಾಡಬಹುದು. ಆ ವ್ಯಕ್ತಿ ತನ್ನ ಹಿಂದಿನ ಕೆಲಸದಲ್ಲಿ ಕೆಳಗಿನವರೊಂದಿಗೆ ಹೇಗೆ ನಡೆದುಕೊಂಡರು, ಸೋತಾಗ ಹೇಗಿದ್ದರು ಎಂದು ಕೇಳಮ್ಮ. ಪ್ರತಿಭೆಯ ಬಗ್ಗೆ ಬೇರೆಯವರು ಕೇಳುತ್ತಾರೆ. ಮನೆಯವರ ಒಪ್ಪಿಗೆ ಇದೆಯೇ ಎಂದೂ ಕೇಳು. ಪಾದ್ರಿಯ ಮನೆಯ ಊಟದ ಹೊತ್ತಿಗೆ ಬಾಗಿಲು ಬಡಿಯುವವರು ಇದ್ದೇ ಇರುತ್ತಾರೆ, ಆ ಭಾರ ಹೆಂಡತಿಯದೋ ಗಂಡನದೋ ಮಕ್ಕಳದೋ ಆಗುತ್ತದೆ.

ಧಾರವಾಡದ ಮಗಳು, ನಾರ್ತ್ ಕೆರೊಲಿನಾ

ಅಯ್ಯನವರಿಗೂ ಉಳಿದೆಲ್ಲರಿಗೂ ಮನಸಾರೆ ವಂದನೆಗಳು. ನಿಮ್ಮ ಪ್ರಶ್ನೆಗಳನ್ನು ಬರೆದಿಟ್ಟುಕೊಂಡಿದ್ದೇನೆ. ಚಾಪೆಲ್ ಹಿಲ್‌ನ ಆ ಚರ್ಚಿನ ಮುಂದೆ ಎಷ್ಟೋ ಬಾರಿ ಹೋಗಿದ್ದರೂ ಕಾರ್ನೀಲಿಯಾ ಅವರ ಹೆಸರು ಇಂದೇ ತಿಳಿಯಿತು. ತಾಯಿಗೆ ಇಡೀ ಚರ್ಚೆಯನ್ನು ಓದಿ ಹೇಳಿದೆ. ಮರ್ರೆ ಅವರ ಭಾಗವನ್ನು ಇನ್ನೊಮ್ಮೆ ಓದು ಎಂದರು, ಆಮೇಲೆ, "ಊರಿನ ನಮ್ಮ ಪಾದ್ರಿಗಳು ಯಾರಾದರೂ ಅಲ್ಲಿ ಬಂದು ಸೇವೆ ಮಾಡಬಹುದೇ?" ಎಂದು ಕೇಳಿದರು. ನನಗೆ ಉತ್ತರ ಗೊತ್ತಿರಲಿಲ್ಲ. ಇನ್ನೊಂದು ಸಂದೇಹ: ಸಮಿತಿ "ಇಲ್ಲ" ಎಂದರೆ ಆ ವ್ಯಕ್ತಿಯ ಗತಿ ಏನು?

ಸಭಾಚರಿತ್ರೆಯ ವಿದ್ಯಾರ್ಥಿ, ಬೆಂಗಳೂರು

ಸೇವೆ ಮಾಡಬಹುದು. 1947ರ ಸೆಪ್ಟೆಂಬರ್ 27ರಂದು ಮದ್ರಾಸಿನಲ್ಲಿ ರೂಪುಗೊಂಡ ಸಿ.ಎಸ್.ಐ. ಇಂದು ಆಂಗ್ಲಿಕನ್ ಸಮುದಾಯದ ಭಾಗ, ಎಪಿಸ್ಕೋಪಲ್ ಸಭೆಯೊಂದಿಗೆ ಪೂರ್ಣ ಅನ್ಯೋನ್ಯತೆಯಲ್ಲಿದೆ. ಸಿ.ಎಸ್.ಐ. ಪ್ರೆಸ್ಬಿಟರ್ ಮತ್ತೆ ದೀಕ್ಷೆ ಪಡೆಯಬೇಕಾಗಿಲ್ಲ. ಊರಿನ ಬಿಷಪ್ಪರ ಪತ್ರ ಮತ್ತು ಅಲ್ಲಿಯ ಬಿಷಪ್ಪರ ಪರವಾನಗಿ ಬೇಕು.

ಎರಡನೆಯ ಪ್ರಶ್ನೆಗೆ ಬಂದರೆ, ನಿಮ್ಮ ಸಮಿತಿ ಕೊಡುವುದು ಅಭಿಪ್ರಾಯ. ಅದನ್ನು ರೆಕ್ಟರ್ ಮತ್ತು ವೆಸ್ಟ್ರಿ ಪರಿಗಣಿಸುತ್ತಾರೆ, ನಿರ್ಧಾರ ಬಿಷಪ್ಪರದು. "ಈಗಲ್ಲ" ಎಂದೂ ಹೇಳಬಹುದು, "ಕರೆ ಇದೆ, ಆದರೆ ಡೀಕನ್ ಸೇವೆಗೆ" ಎಂದೂ ಹೇಳಬಹುದು, "ನೀವು ಇರುವ ಕೆಲಸದಲ್ಲೇ ದೀಕ್ಷಾಸ್ನಾನದ ಕರೆಯನ್ನು ಬದುಕುತ್ತಿದ್ದೀರಿ" ಎಂದೂ ಹೇಳಬಹುದು. ಮೂರನೆಯದನ್ನು ಹೇಳಬೇಕಾಗಿ ಬಂದರೆ ಕಾಗದದಲ್ಲಿ ತಿಳಿಸಬೇಡಿ. ಸಮಿತಿಯವರೆಲ್ಲ ಅವರ ಎದುರು ಕುಳಿತು ಹೇಳಿ, ಮುಂದಿನ ಭಾನುವಾರವೂ ಅವರ ಪಕ್ಕದಲ್ಲಿ ಕುಳಿತುಕೊಳ್ಳಿ.